ಮೂತ್ರದ ಕೊನೆಯಲ್ಲಿ ರಕ್ತ, ಕಲ್ಚರ್‌ನಲ್ಲಿ ಏನೂ ಇಲ್ಲ: ಮೂತ್ರಕೋಶದ ಪರಾವಲಂಬಿ ಸೋಂಕು ಇರಬಹುದೇ?

ಪ್ರಶ್ನೆ: ನನಗೆ 34 ವರ್ಷ. ಕುಡಿಯುವ ನೀರಿನ ಯೋಜನೆಯೊಂದರ ಕೆಲಸದ ಮೇಲೆ ಎರಡು ವರ್ಷ ಆಫ್ರಿಕಾದ ಮಲಾವಿ ಸರೋವರದ ಹತ್ತಿರ ಇದ್ದೆ. ಹಿಂದಿರುಗಿ ಹದಿನಾಲ್ಕು ತಿಂಗಳಾಯಿತು. ಐದು ತಿಂಗಳಿಂದ ಮೂತ್ರ ಮುಗಿಯುವ ಹೊತ್ತಿಗೆ ಕೆಂಪಗೆ ಬರುತ್ತದೆ, ಸ್ವಲ್ಪ ಉರಿಯೂ ಇದೆ. ಮೂರು ಬಾರಿ ಆಂಟಿಬಯಾಟಿಕ್ ನುಂಗಿದೆ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಹುಳುವಿನ ಮಾತ್ರೆ ಎಂದು ಅಲ್ಬೆಂಡಜೋಲ್ ಕೂಡ ತೆಗೆದುಕೊಂಡೆ. ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದ ಗೋಡೆ ಒಂದು ಕಡೆ ದಪ್ಪಗಿದೆ ಎಂದರು, ಸಿಸ್ಟೋಸ್ಕೋಪಿ (ಕೊಳವೆ ಹಾಕಿ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಅಲ್ಲಿ ನನ್ನ ಜೊತೆಗಿದ್ದ ಗೆಳೆಯನಿಗೆ ಮೂತ್ರಕೋಶದಲ್ಲಿ ಹುಳು ಇರುವುದು ಪತ್ತೆಯಾಗಿದೆಯಂತೆ. ನನಗೂ ಅದೇ ಇರಬಹುದೇ? ಯಾವ ಪರೀಕ್ಷೆ ಮಾಡಿಸಬೇಕು? ಹೆಂಡತಿಗೆ, ಮಗುವಿಗೆ ಹರಡುತ್ತದೆಯೇ? ಮುಂದೆ ಕ್ಯಾನ್ಸರ್ ಆಗುತ್ತದೆ ಎಂದು ಓದಿ ನಿದ್ದೆ ಬರುತ್ತಿಲ್ಲ.

ಉತ್ತರ: ಇರಬಹುದು. ನಿಮ್ಮ ವಿವರಗಳನ್ನು ಓದಿದರೆ ಮೊದಲು ಶಂಕಿಸಬೇಕಾದದ್ದೇ ಅದನ್ನು. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ನೀವು ಬರೆದಿಲ್ಲ. ಅಲ್ಲಿದ್ದಾಗ ಸರೋವರದ ಅಥವಾ ಹೊಳೆಯ ನೀರಿಗೆ ಇಳಿದಿದ್ದಿರಾ? ಈಜಿರಲೇಬೇಕೆಂದಿಲ್ಲ. ಪೈಪು ಜೋಡಿಸಲು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರೆ, ದಡದಲ್ಲಿ ಕೈಕಾಲು ತೊಳೆದಿದ್ದರೆ ಅಷ್ಟೇ ಸಾಕು. ಮಲಾವಿ ಸರೋವರದ ನೀರಿಗಿಳಿದು ಈ ಸೋಂಕನ್ನು ಮನೆಗೆ ಹೊತ್ತು ತಂದ ಪ್ರವಾಸಿಗರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಗಳು ಬಂದಿವೆ.

ನಿಮ್ಮನ್ನು ನೋಡಿದ ವೈದ್ಯರಿಗೆ ಈ ವಿಷಯ ಹೇಳಿದ್ದೀರಾ, ಅವರಾಗಿ ಕೇಳಿದ್ದರೇ? ಮೂರು ಸುತ್ತು ಆಂಟಿಬಯಾಟಿಕ್ ಆಗಿರುವುದನ್ನು ನೋಡಿದರೆ ಆ ಮಾತು ಬಂದಂತಿಲ್ಲ. ನನಗೆ ಬೇಸರ ತರುವುದು ಇದೇ. ಈ ಕಾಯಿಲೆಯನ್ನು ಪತ್ತೆ ಮಾಡುವ ಪರೀಕ್ಷೆ ಬಹಳ ಸರಳ. ಆದರೆ ನೀರಿನ ವಿಚಾರ ಯಾರೂ ಎತ್ತದಿದ್ದರೆ ಆ ಪರೀಕ್ಷೆಯನ್ನು ಯಾರೂ ಬರೆದುಕೊಡುವುದಿಲ್ಲ. ಸಾಮಾನ್ಯ ಮೂತ್ರ ಕಲ್ಚರ್ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಹುಳುವಿನ ಮೊಟ್ಟೆ ಅದರಲ್ಲಿ ಬೆಳೆಯುವುದಿಲ್ಲ. ಆಂಟಿಬಯಾಟಿಕ್‌ಗೂ ಈ ಹುಳುವಿಗೂ ಸಂಬಂಧವಿಲ್ಲ. ಅಲ್ಬೆಂಡಜೋಲ್ ಕರುಳಿನ ದುಂಡು ಹುಳುಗಳಿಗೆ ಒಳ್ಳೆಯ ಮದ್ದು, ಇದಕ್ಕೆ ನಾಟುವುದಿಲ್ಲ. ಹಾಗಾಗಿ ಇಷ್ಟೆಲ್ಲ ಮಾತ್ರೆ ನುಂಗಿಯೂ ರಕ್ತ ನಿಲ್ಲದಿರುವುದು ನನಗೆ ಆಶ್ಚರ್ಯವಲ್ಲ.

ಈ ಕಾಯಿಲೆಯ ಹೆಸರು ಶಿಸ್ಟೊಸೋಮಿಯಾಸಿಸ್. ಬಿಲ್‌ಹಾರ್ಜಿಯಾ ಎಂಬ ಹೆಸರೂ ಬಳಕೆಯಲ್ಲಿದೆ. 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಜರ್ಮನ್ ವೈದ್ಯ ಥಿಯೋಡರ್ ಬಿಲ್‌ಹಾರ್ಜ್ ರಕ್ತನಾಳದೊಳಗೆ ಈ ಹುಳುಗಳನ್ನು ಕಂಡರು, ಅದರಿಂದ ಬಂದ ಹೆಸರದು. ಕಾಯಿಲೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಸುಮಾರು ಮೂರು ಸಾವಿರ ವರ್ಷ ಹಿಂದಿನ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡದಲ್ಲಿ ಸುಣ್ಣಗಟ್ಟಿದ ಮೊಟ್ಟೆಗಳಿದ್ದುದನ್ನು ಮಾರ್ಕ್ ಆರ್ಮಂಡ್ ರಫರ್ 1910ರಲ್ಲಿ ತೋರಿಸಿದರು. ಈ ಹುಳುಗಳಲ್ಲಿ ಹಲವು ಜಾತಿಗಳಿವೆ. ಕೆಲವು ಕರುಳು, ಯಕೃತ್ತುಗಳನ್ನು ಕಾಡುತ್ತವೆ. ಮೂತ್ರಕೋಶವನ್ನು ಕಾಡುವುದು ಶಿಸ್ಟೊಸೋಮಾ ಹೀಮಟೋಬಿಯಂ.

‘ಮೂತ್ರಕೋಶದಲ್ಲಿ ಹುಳು’ ಎಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಹುಳು ಇರುವುದು ಮೂತ್ರಕೋಶದೊಳಗಲ್ಲ, ಅದರ ಸುತ್ತ ಬಲೆಯಂತೆ ಹೆಣೆದುಕೊಂಡಿರುವ ರಕ್ತನಾಳಗಳಲ್ಲಿ. ಗಂಡು ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ, ಮೈ ಚಪ್ಪಟೆ. ಅದು ತನ್ನ ಮೈಯ ಎರಡೂ ಅಂಚುಗಳನ್ನು ಮಡಿಸಿ ಒಂದು ಕಾಲುವೆ ಮಾಡಿಕೊಳ್ಳುತ್ತದೆ. ಅದಕ್ಕಿಂತ ಉದ್ದವಾದ, ದಾರದಂತೆ ತೆಳ್ಳಗಿರುವ ಹೆಣ್ಣು ಹುಳು ಆ ಕಾಲುವೆಯೊಳಗೆ ಜೋಡಿಯಾಗಿ ಬಾಳುತ್ತದೆ. ಈ ಜೋಡಿ ಸಾಮಾನ್ಯವಾಗಿ ಮೂರರಿಂದ ಹತ್ತು ವರ್ಷ ಬದುಕುತ್ತದೆ. ಕೆಲವೊಮ್ಮೆ ದಶಕಗಳ ಕಾಲ ಬದುಕಿದ್ದೂ ಇದೆ. ನೀವು ಹಿಂದಿರುಗಿ ಸುಮಾರು ಒಂಬತ್ತು ತಿಂಗಳು ಕಳೆದ ಮೇಲೆ ರಕ್ತ ಕಾಣಿಸಿತಲ್ಲ, ಅದಕ್ಕೆ ಇದೇ ವಿವರಣೆ. ‘ಅಲ್ಲಿಂದ ಬಂದು ಅಷ್ಟು ದಿನವಾಯಿತು, ಇನ್ನೇನು’ ಎನ್ನುವಂತಿಲ್ಲ.

ನಮ್ಮ ಮೈಗೆ ಅದು ಬಂದದ್ದಾದರೂ ಹೇಗೆ? ಸೋಂಕಿತ ವ್ಯಕ್ತಿಯ ಮೂತ್ರದಲ್ಲಿರುವ ಮೊಟ್ಟೆ ಸಿಹಿನೀರಿಗೆ ಬಿದ್ದ ಕೂಡಲೇ ಒಡೆಯುತ್ತದೆ. ಹೊರಬಂದ ಮರಿ ಈಜಿ ಹೋಗಿ ಬುಲೈನಸ್ ಎಂಬ ಬಸವನಹುಳುವಿನ ಮೈ ಹೊಗುತ್ತದೆ. ಅಲ್ಲಿ ಕೆಲವು ವಾರ ಕಳೆದು, ಒಂದು ಸಾವಿರಾರಾಗಿ, ಕವಲು ಬಾಲದ ಲಾರ್ವಾಗಳ ರೂಪದಲ್ಲಿ ಮತ್ತೆ ನೀರಿಗೆ ಬರುತ್ತದೆ. ಈ ಲಾರ್ವಾಗಳು ಹೆಚ್ಚಾಗಿ ಹೊರಬೀಳುವುದು ಬಿಸಿಲೇರಿದ ಹೊತ್ತಿನಲ್ಲಿ, ಅಂದರೆ ಜನ ನೀರಿಗಿಳಿಯುವ ಹೊತ್ತಿನಲ್ಲೇ. ಚರ್ಮ ಸಿಕ್ಕಿತೆಂದರೆ ಕೆಲವೇ ನಿಮಿಷಗಳಲ್ಲಿ ಬಾಲ ಕಳಚಿ ಒಳಗಿಳಿಯುತ್ತವೆ. ಗಾಯ ಬೇಕಿಲ್ಲ, ನೋವೂ ಆಗುವುದಿಲ್ಲ. ಕೆಲವರಿಗೆ ಒಂದೆರಡು ದಿನ ತುರಿಕೆ, ಕೆಲವು ವಾರಗಳ ಮೇಲೆ ಜ್ವರ, ಕೆಮ್ಮು, ಮೈಮೇಲೆ ದದ್ದು ಬರಬಹುದು. ಬಹಳ ಜನಕ್ಕೆ ಏನೂ ಗೊತ್ತೇ ಆಗುವುದಿಲ್ಲ. ಎಳೆಯ ಹುಳುಗಳು ಶ್ವಾಸಕೋಶ ದಾಟಿ, ಯಕೃತ್ತಿನಲ್ಲಿ ಬೆಳೆದು, ಜೋಡಿಗೂಡಿ ಮೂತ್ರಕೋಶದ ರಕ್ತನಾಳಕ್ಕೆ ಬಂದು ಮೊಟ್ಟೆ ಇಡಲು ಎರಡು ಮೂರು ತಿಂಗಳು ಹಿಡಿಯುತ್ತದೆ.

ಹಾನಿ ಮಾಡುವುದು ಹುಳುವಲ್ಲ, ಮೊಟ್ಟೆ. ರಕ್ತನಾಳದೊಳಗೆ ಇಟ್ಟ ಮೊಟ್ಟೆ ಗೋಡೆಯನ್ನು ತೂರಿಕೊಂಡು ಮೂತ್ರಕೋಶದ ಒಳಕ್ಕೆ ಬರಬೇಕು. ಬಂದವು ಮೂತ್ರದೊಡನೆ ಹೊರಹೋಗುತ್ತವೆ, ಬರುವಾಗ ಸ್ವಲ್ಪ ರಕ್ತವನ್ನೂ ತರುತ್ತವೆ. ಮೂತ್ರದ ಕೊನೆಯಲ್ಲಿ ಮೂತ್ರಕೋಶ ಗಟ್ಟಿಯಾಗಿ ಹಿಂಡಿಕೊಳ್ಳುತ್ತದಲ್ಲ, ಆಗ ಗೋಡೆಯಿಂದ ರಕ್ತವೂ ಮೊಟ್ಟೆಯೂ ಹೆಚ್ಚಾಗಿ ಕಳಚಿಕೊಳ್ಳುತ್ತವೆ. ನಿಮಗೆ ಕೊನೆಯಲ್ಲೇ ಕೆಂಪು ಕಾಣುವುದು ಅದಕ್ಕೆ. ದಾರಿ ಸಿಗದೆ ಗೋಡೆಯಲ್ಲೇ ಉಳಿದ ಮೊಟ್ಟೆಗಳ ಸುತ್ತ ದೇಹ ತನ್ನ ರಕ್ಷಣಾ ಕೋಶಗಳನ್ನು ಗುಡ್ಡೆ ಹಾಕುತ್ತದೆ. ಸ್ಕ್ಯಾನಿಂಗ್‌ನಲ್ಲಿ ನಿಮ್ಮ ಮೂತ್ರಕೋಶದ ಗೋಡೆ ದಪ್ಪಗೆ ಕಂಡದ್ದು ಆ ಗುಡ್ಡೆಗಳಿರಬಹುದು. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಆ ಜಾಗ ಗಾಯದ ಕಲೆಯಂತೆ ಬಿಗಿದು, ಸುಣ್ಣಗಟ್ಟುತ್ತದೆ. ಮೂತ್ರಪಿಂಡದಿಂದ ಇಳಿದುಬರುವ ನಾಳದ ಬಾಯಿ ಮುಚ್ಚಿಕೊಂಡು ಮೂತ್ರಪಿಂಡ ಉಬ್ಬುತ್ತದೆ. ಇವೆಲ್ಲ ತಡವಾದವರ ಕಥೆ. ನೀವು ಆ ಹಂತದಲ್ಲಿದ್ದೀರಿ ಎನ್ನಲು ನಿಮ್ಮ ವಿವರಗಳಲ್ಲಿ ಯಾವ ಕಾರಣವೂ ಇಲ್ಲ.

ಈಗ ಪರೀಕ್ಷೆಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪಾಗುವುದು ಇಲ್ಲೇ.

ನಾನು ಹೊಸದಾಗಿ ವೈದ್ಯನಾಗಿದ್ದಾಗ ನಿಮ್ಮಂಥದೇ ತೊಂದರೆಯ ಒಬ್ಬ ಯುವಕ ಬಂದಿದ್ದ. ನನಗೆ ಶಂಕೆಯೇನೋ ಸರಿಯಾಗಿಯೇ ಬಂದಿತ್ತು. ರೂಢಿಯಂತೆ ಬೆಳಗಿನ ಮೊದಲ ಮೂತ್ರ ತರಿಸಿ ಕಳಿಸಿದೆ. ಮೊಟ್ಟೆ ಇಲ್ಲ. ಎರಡನೇ ದಿನ ಮತ್ತೆ ಬೆಳಗಿನದೇ ಕಳಿಸಿದೆ. ಇಲ್ಲ. ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರು, ‘ಡಾಕ್ಟರೇ, ಇದಕ್ಕೆ ಬೆಳಗಿನ ಮೂತ್ರ ಬೇಡ. ಮಧ್ಯಾಹ್ನ ಕರೆಸಿ, ಮೊದಲು ನಾಲ್ಕು ಸುತ್ತು ಮೆಟ್ಟಿಲು ಹತ್ತಿಸಿ ಇಳಿಸಿ, ಕೊನೆಯ ಮೂತ್ರವನ್ನು ನನಗೆ ಕೊಡಿ’ ಎಂದರು. ಹಾಗೆಯೇ ಮಾಡಿದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಚದುರಿದ ಕೆಂಪು ರಕ್ತಕಣಗಳ ನಡುವೆ ದೊಡ್ಡದೊಂದು ಮೊಟ್ಟೆ, ತಿಳಿಹಳದಿ ಬಣ್ಣ, ಉದ್ದನೆಯ ಅಂಡಾಕಾರ, ಒಂದು ತುದಿಯಲ್ಲಿ ಚೂಪಾದ ಮುಳ್ಳು. ಒಳಗೆ ಮರಿಯ ಮೈಮೇಲಿನ ಸೂಕ್ಷ್ಮ ರೋಮಗಳು ಮಿಣಮಿಣ ಅಲುಗುತ್ತಿದ್ದವು. ಆ ಮುಳ್ಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕರುಳಿನ ಜಾತಿಯಾದ ಮ್ಯಾನ್ಸೋನಿಯ ಮೊಟ್ಟೆಗೆ ಮುಳ್ಳು ಪಕ್ಕದಲ್ಲಿರುತ್ತದೆ, ಇದಕ್ಕೆ ತುದಿಯಲ್ಲಿ. ಅಷ್ಟರಿಂದಲೇ ಯಾವ ಜಾತಿ ಎಂದು ತಿಳಿಯುತ್ತದೆ.

ಆ ತಂತ್ರಜ್ಞರು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಮೊಟ್ಟೆಗಳು ಮೂತ್ರದಲ್ಲಿ ಅತಿ ಹೆಚ್ಚು ಬರುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ. ಆ ಹೊತ್ತಿನಲ್ಲಿ, ಸ್ವಲ್ಪ ನಡೆದಾಡಿ, ಮೂತ್ರದ ಕೊನೆಯ ಭಾಗವನ್ನು ಹಿಡಿಯಿರಿ. ಕೊನೆಯ ಕೆಂಪು ಹನಿಗಳೇ ಬೇಕಾದದ್ದು. ಅದನ್ನು ಚೆಲ್ಲಿ ಮಧ್ಯದ ಮೂತ್ರ ಕೊಡಬೇಡಿ. ಕಲ್ಚರ್‌ಗೆ ಮಧ್ಯದ ಮೂತ್ರ ಕೊಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದ ಗಸಿಯನ್ನು ನೋಡುತ್ತಾರೆ, ಅಥವಾ 10 ಮಿಲಿಲೀಟರ್ ಮೂತ್ರವನ್ನು ತೀರಾ ಸಣ್ಣ ರಂಧ್ರಗಳ ಸೋಸುಹಾಳೆಯ ಮೂಲಕ ಹಾಯಿಸಿ ಮೇಲೆ ಉಳಿದ ಮೊಟ್ಟೆಗಳನ್ನು ಎಣಿಸುತ್ತಾರೆ. 10 ಮಿಲಿಲೀಟರ್‌ನಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೋಂಕು ತೀವ್ರ ಎಂದು ಲೆಕ್ಕ. ಮಾದರಿಗೆ ನೀರು ಬೆರೆಯಬಾರದು, ಬೆರೆತರೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಚೀಟಿಯಲ್ಲಿ ‘ಶಿಸ್ಟೊಸೋಮಾ ಮೊಟ್ಟೆಗಾಗಿ’ ಎಂದು ವೈದ್ಯರಿಂದ ಸ್ಪಷ್ಟವಾಗಿ ಬರೆಸಿ. ಏನು ಹುಡುಕಬೇಕೆಂದು ಹೇಳದೆ ಕಳಿಸಿದರೆ ಪೂರ್ತಿ ಗಮನ ಕೊಡಲು ಅವರಿಗೂ ಕಾರಣವಿರುವುದಿಲ್ಲ. ಮೊಟ್ಟೆಗಳು ದಿನವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲವಾದ್ದರಿಂದ ಕನಿಷ್ಠ ಮೂರು ಬೇರೆ ಬೇರೆ ದಿನ ನೋಡದೆ ‘ಇಲ್ಲ’ ಎನ್ನಬಾರದು.

ಮೂರು ದಿನವೂ ಸಿಗದಿದ್ದರೆ ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ ಇದೆ. ಪ್ರವಾಸಿಗರಲ್ಲಿ ಹುಳುಗಳ ಸಂಖ್ಯೆ ಕಡಿಮೆ ಇರುವುದರಿಂದ ಮೊಟ್ಟೆ ಸಿಗದೆ ಪ್ರತಿಕಾಯ ಮಾತ್ರ ಕಾಣುವುದುಂಟು. ಹಿಂದೆಂದೂ ಈ ಸೋಂಕು ಆಗಿರದ ನಿಮ್ಮಂಥವರಲ್ಲಿ ಅದು ಬಂದರೆ ಚಿಕಿತ್ಸೆ ಕೊಡಲು ಅಷ್ಟು ಸಾಕು. ಆದರೆ ಗುಣವಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಆ ಪರೀಕ್ಷೆ ಉಪಯೋಗವಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಮೂತ್ರದಲ್ಲಿ ಹುಳುವಿನ ಡಿಎನ್ಎ ಹುಡುಕುವ ಪಿಸಿಆರ್ ಕೆಲವು ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಲಭ್ಯ. ರಕ್ತದ ಎಣಿಕೆಯಲ್ಲಿ ಇಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಏರಿದ್ದರೆ ಶಂಕೆಗೆ ಬಲ ಬರುತ್ತದೆ. ಏರಿಲ್ಲದಿದ್ದರೂ ಸೋಂಕು ಇಲ್ಲ ಎಂದಾಗುವುದಿಲ್ಲ.

ಸಿಸ್ಟೋಸ್ಕೋಪಿ ಬೇಕೇ ಎಂದರೆ, ನನ್ನ ಅಭಿಪ್ರಾಯ ಇದು: ಮೂತ್ರದ ಪರೀಕ್ಷೆ ಕೆಲವೇ ದಿನಗಳ ಕೆಲಸ, ಮೊದಲು ಅದನ್ನು ಮುಗಿಸಿ. ಮೊಟ್ಟೆ ಸಿಕ್ಕರೆ ಚಿಕಿತ್ಸೆ ಪಡೆದು, ಆರು ತಿಂಗಳ ಹೊತ್ತಿಗೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ, ಗೋಡೆಯ ದಪ್ಪ ಇಳಿದಿರುವುದನ್ನು ಬಹಳ ಮಂದಿಯಲ್ಲಿ ಕಾಣುತ್ತೇವೆ. ಆದರೆ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಗಡ್ಡೆಯಂತಿದ್ದರೆ, ರಕ್ತ ಹೆಪ್ಪುಗಟ್ಟಿ ಬರುತ್ತಿದ್ದರೆ, ಧೂಮಪಾನ ಇದ್ದರೆ, ಅಥವಾ ನಿಮ್ಮನ್ನು ನೋಡಿದ ಮೂತ್ರರೋಗ ತಜ್ಞರಿಗೆ ಬೇರೆ ಅನುಮಾನವಿದ್ದರೆ ಸಿಸ್ಟೋಸ್ಕೋಪಿಯನ್ನು ಮುಂದೂಡಬೇಡಿ. ಮೊಟ್ಟೆ ಸಿಕ್ಕಿತೆಂದ ಮಾತ್ರಕ್ಕೆ ಬೇರೇನೂ ಇಲ್ಲ ಎಂದಲ್ಲ. ಈ ಕಾಯಿಲೆಯಲ್ಲಿ ಮೂತ್ರಕೋಶದ ಒಳಮೈ ಮರಳು ಎರಚಿದಂತೆ ಕಾಣುತ್ತದೆ. ಅಲ್ಲಿಂದ ತೆಗೆದ ಚೂರಿನಲ್ಲೂ ಮೊಟ್ಟೆ ಸಿಗುತ್ತದೆ.

ಮತ್ತೊಂದು ಕಾಯಿಲೆಯನ್ನು ಮರೆಯಬಾರದು, ಅದು ಮೂತ್ರಾಂಗಗಳ ಕ್ಷಯ. ಅದರಲ್ಲೂ ಉರಿ, ರಕ್ತ ಇರುತ್ತವೆ, ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಹುಳುವಿನ ಮೊಟ್ಟೆ ಸಿಗದಿದ್ದರೆ ಕ್ಷಯದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೂತ್ರದಲ್ಲಿ ಕಾಣುವ ಬೇರೆ ಪರಾವಲಂಬಿಗಳೂ ಇವೆ. ಟ್ರೈಕೊಮೊನಾಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಅದಕ್ಕೆ ಮೆಟ್ರೊನಿಡಜೋಲ್ ಮದ್ದು. ಆನೆಕಾಲು ರೋಗದ ಹುಳು ಮೂತ್ರವನ್ನು ಹಾಲಿನಂತೆ ಬೆಳ್ಳಗೆ ಮಾಡಬಲ್ಲದು. ನಿಮ್ಮ ಲಕ್ಷಣಗಳು ಇವೆರಡಕ್ಕೂ ಹೊಂದುವುದಿಲ್ಲ.

ಚಿಕಿತ್ಸೆಯ ಬಗ್ಗೆ ಹೇಳಲು ನನಗೆ ನಿಜಕ್ಕೂ ಸಂತೋಷವಾಗುತ್ತದೆ. 1918ರಿಂದ ಹಲವು ದಶಕ ಈ ಕಾಯಿಲೆಗೆ ಇದ್ದದ್ದು ಆಂಟಿಮನಿ ಲವಣದ ಚುಚ್ಚುಮದ್ದು. ವಾಂತಿ, ಹೃದಯದ ತೊಂದರೆ ಎಲ್ಲವನ್ನೂ ಸಹಿಸಿಕೊಂಡು ವಾರಗಟ್ಟಲೆ ಚುಚ್ಚಿಸಿಕೊಳ್ಳಬೇಕಿತ್ತು. ಈಜಿಪ್ಟಿನಲ್ಲಿ ಸರಿಯಾಗಿ ಶುದ್ಧೀಕರಿಸದ ಸೂಜಿಗಳಿಂದ ಆ ಚುಚ್ಚುಮದ್ದಿನ ಜೊತೆಗೇ ಹೆಪಟೈಟಿಸ್ ಸಿ ಹರಡಿ ಒಂದು ಪೀಳಿಗೆಯ ಯಕೃತ್ತೇ ಹಾಳಾಯಿತು. 1970ರ ದಶಕದಲ್ಲಿ ಪ್ರಾಜಿಕ್ವಾಂಟಲ್ ಬಂದ ಮೇಲೆ ಈ ಕಾಯಿಲೆಯ ಚಿಕಿತ್ಸೆ ಒಂದು ದಿನದ ಮಾತಾಯಿತು. ಈ ಮದ್ದು ಹುಳುವಿನ ಮೈಗೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡಿ ಅದರ ಸ್ನಾಯುಗಳನ್ನು ಬಿಗಿಯುತ್ತದೆ, ಹೊರಚರ್ಮವನ್ನು ಹರಿಯುತ್ತದೆ. ಬಯಲಾದ ಹುಳುವನ್ನು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಮುಗಿಸುತ್ತದೆ.

ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ. ತೂಕ 60 ಕಿಲೋ ಇದ್ದರೆ 2,400 ಮಿಲಿಗ್ರಾಂ, ಎಂದರೆ 600 ಮಿಲಿಗ್ರಾಂನ ನಾಲ್ಕು ಮಾತ್ರೆ. ಒಂದೇ ಸಲ ಅಥವಾ ಅದೇ ದಿನ ಎರಡು ಭಾಗ ಮಾಡಿ ಕೊಡುತ್ತಾರೆ. ಊಟದ ಜೊತೆ ನುಂಗಿದರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಅಗಿಯಬೇಡಿ, ಅದರ ಕಹಿಗೆ ವಾಂತಿಯೇ ಬಂದೀತು. ತಲೆಸುತ್ತು, ಹೊಟ್ಟೆ ತೊಳೆಸುವುದು, ತಲೆನೋವು ಕೆಲವು ಗಂಟೆ ಇರಬಹುದು. ಆ ದಿನವೂ ಮರುದಿನವೂ ವಾಹನ ಓಡಿಸಬೇಡಿ. ಈ ಮದ್ದು ಬೆಳೆದ ಹುಳುಗಳನ್ನು ಕೊಲ್ಲುತ್ತದೆ, ಎಳೆಯವನ್ನು ಬಿಟ್ಟುಬಿಡುತ್ತದೆ. ನೀರಿಗಿಳಿದು ಕೆಲವೇ ದಿನವಾದವರಿಗೆ ಕೊಟ್ಟರೆ ಸಾಲದು ಎನ್ನುವುದು ಅದಕ್ಕೆ. ನಿಮ್ಮಲ್ಲಿ ಹದಿನಾಲ್ಕು ತಿಂಗಳು ಕಳೆದಿರುವುದರಿಂದ ಇರುವ ಹುಳುಗಳೆಲ್ಲ ಬೆಳೆದಿರುತ್ತವೆ, ಒಂದೇ ಸುತ್ತಿನಲ್ಲಿ ಗುಣವಾಗುವ ಸಾಧ್ಯತೆ ಹೆಚ್ಚು.

ಹಾಗೆಂದು ಅಂಗಡಿಯಿಂದ ತಂದು ನೀವೇ ನುಂಗಬೇಡಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಜೊತೆಗಿದ್ದರೆ ಪ್ರಾಜಿಕ್ವಾಂಟಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಮೂರ್ಛೆರೋಗದ ಕೆಲವು ಮಾತ್ರೆಗಳೂ ಅದರ ಬಲ ತಗ್ಗಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಲಾಡಿಹುಳುವಿನ ಮರಿಕೋಶಗಳು ಕಣ್ಣಿನಲ್ಲಿ ಕುಳಿತಿದ್ದರೆ ಈ ಮದ್ದು ದೃಷ್ಟಿಯನ್ನೇ ಕೆಡಿಸಬಲ್ಲದು, ಮಿದುಳಿನಲ್ಲಿದ್ದರೆ ಫಿಟ್ಸ್ ತರಿಸಬಲ್ಲದು. ನಿಮಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಹೆಂಡತಿ, ಮಗುವಿನ ಬಗ್ಗೆ ನಿಮಗಿರುವ ಭಯ ಬಿಡಿ. ನಿಮ್ಮ ಮೂತ್ರದಲ್ಲಿರುವ ಮೊಟ್ಟೆ ಯಾರ ಮೈಗೂ ನೇರವಾಗಿ ಹತ್ತುವುದಿಲ್ಲ. ನಡುವೆ ಸಿಹಿನೀರು ಬೇಕು, ಆ ಬಸವನಹುಳು ಬೇಕು. ಒಂದೇ ಶೌಚಾಲಯ ಬಳಸಿದರೆ, ಜೊತೆಯಲ್ಲಿ ಮಲಗಿದರೆ, ಮಗುವನ್ನು ಎತ್ತಿಕೊಂಡರೆ ಏನೂ ಆಗದು. ಆದರೆ ಅವರೂ ನಿಮ್ಮೊಡನೆ ಮಲಾವಿಗೆ ಬಂದು ನೀರಿಗಿಳಿದಿದ್ದರೆ ಲಕ್ಷಣ ಇಲ್ಲದಿದ್ದರೂ ಇಬ್ಬರಿಗೂ ಪರೀಕ್ಷೆ ಆಗಲೇಬೇಕು. ಹೆಂಗಸರಲ್ಲಿ ಈ ಮೊಟ್ಟೆಗಳು ಗರ್ಭಕಂಠ, ಯೋನಿಯ ಗೋಡೆಯಲ್ಲೂ ಕೂರುತ್ತವೆ. ಬಿಳಿಸೆರಗು, ಸಂಪರ್ಕದ ನಂತರ ರಕ್ತ, ನೋವು, ಮಕ್ಕಳಾಗದಿರುವುದು ಹೀಗೆಲ್ಲ ಕಾಣಿಸಿಕೊಳ್ಳುತ್ತದೆ. ಲೈಂಗಿಕ ರೋಗವೆಂದು ತಪ್ಪು ತಿಳಿದು ಆ ಹೆಣ್ಣುಮಗಳ ನಡತೆಯನ್ನೇ ಶಂಕಿಸುವುದೂ ನಡೆಯುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆಫ್ರಿಕಾದಲ್ಲಿ ಸುಮಾರು 5.6 ಕೋಟಿ ಹೆಂಗಸರು ಹೀಗೆ ನರಳುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಗಂಡಸರಲ್ಲಿ ವೀರ್ಯದಲ್ಲಿ ರಕ್ತ ಕಾಣುವುದುಂಟು. ನಿಮಗೆ ಹಾಗಾಗಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ.

ಕ್ಯಾನ್ಸರ್ ವಿಚಾರವನ್ನು ಮುಚ್ಚಿಡುವುದಿಲ್ಲ. ಈ ಹುಳು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 1994ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳಲ್ಲಿ ಸೇರಿಸಿದೆ. ಆದರೆ ಅದು ಬಾಲ್ಯದಿಂದಲೇ ಅದೇ ನೀರಿನಲ್ಲಿ ಬೆಳೆದು, ಮದ್ದಿಲ್ಲದೆ, ಮತ್ತೆ ಮತ್ತೆ ಸೋಂಕಾಗಿ, ಹತ್ತಾರು ವರ್ಷ ಮೂತ್ರಕೋಶ ಉರಿದವರಿಗೆ ಬರುವ ಕ್ಯಾನ್ಸರ್. ಎರಡು ವರ್ಷ ಅಲ್ಲಿದ್ದು, ಈಗ ಚಿಕಿತ್ಸೆಗೆ ಹೊರಟಿರುವ ನಿಮ್ಮ ಸ್ಥಿತಿ ಅದಲ್ಲ. ರಾತ್ರಿ ನಿದ್ದೆ ಮಾಡಿ.

ಮಾತ್ರೆ ನುಂಗಿದ ಒಂದೆರಡು ತಿಂಗಳ ಮೇಲೆ ಮತ್ತೆ ಮಧ್ಯಾಹ್ನದ ಮೂತ್ರ ಪರೀಕ್ಷಿಸಿಕೊಳ್ಳಿ. ಗೋಡೆಯಲ್ಲಿ ಸಿಕ್ಕಿಕೊಂಡಿದ್ದ ಸತ್ತ ಮೊಟ್ಟೆಗಳು ಆಮೇಲೂ ಕೆಲವು ಕಾಲ ಉದುರುತ್ತಿರುತ್ತವೆ. ಆದ್ದರಿಂದ ‘ಮೊಟ್ಟೆ ಇದೆ’ ಎಂದು ವರದಿ ಬಂದರೆ ಗಾಬರಿಯಾಗದೆ, ಅವು ಜೀವಂತವೇ ಎಂದು ಕೇಳಿ. ಜೀವಂತ ಮೊಟ್ಟೆ ಕಂಡರೆ ಅದೇ ಮಾತ್ರೆಯನ್ನು ಇನ್ನೊಮ್ಮೆ ಕೊಡುತ್ತಾರೆ.

ಮುಂದೆ ಅಲ್ಲಿಗೆ ಹೋಗಬೇಕಾದರೆ ಸರೋವರ, ಹೊಳೆಗೆ ಇಳಿಯಬೇಡಿ. ಕೆಲಸಕ್ಕೆ ಇಳಿಯಲೇಬೇಕಾದರೆ ಉದ್ದನೆಯ ರಬ್ಬರ್ ಬೂಟು, ಕೈಗವಸು ಇರಲಿ. ಸ್ನಾನದ ನೀರನ್ನು ತೊಟ್ಟಿಯಲ್ಲಿ ಎರಡು ದಿನ ಹಾಗೆಯೇ ಬಿಟ್ಟರೆ ಲಾರ್ವಾಗಳು ಸಾಯುತ್ತವೆ. ಸಮುದ್ರದ ನೀರಿಗೂ ಕ್ಲೋರಿನ್ ಹಾಕಿದ ಈಜುಕೊಳಕ್ಕೂ ಈ ಭಯವಿಲ್ಲ. ಆಫ್ರಿಕಾ ಬಿಟ್ಟರೆ ಎಲ್ಲೂ ಇಲ್ಲ ಎಂದೂ ತಿಳಿಯಬೇಡಿ. ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಾವು ನದಿಯಲ್ಲಿ 2013ರಲ್ಲಿ ಈಜಿದವರಿಗೂ ಈ ಸೋಂಕು ತಗಲಿತ್ತು. ಭಾರತದಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಿಂದ 1952ರಲ್ಲಿ ವರದಿಯಾದದ್ದೂ ದಾಖಲೆಯಲ್ಲಿದೆ.

ನಿಮ್ಮ ಗೆಳೆಯನ ವರದಿಯ ಪ್ರತಿಯನ್ನು ತರಿಸಿಕೊಂಡು ವೈದ್ಯರ ಬಳಿಗೆ ಹೋಗುವಾಗ ಜೊತೆಗಿಟ್ಟುಕೊಳ್ಳಿ. ಒಂದೇ ನೀರಿಗಿಳಿದ ಇನ್ನೊಬ್ಬರಲ್ಲಿ ಹುಳು ಖಚಿತವಾಗಿದೆ ಎಂಬುದಕ್ಕಿಂತ ಬಲವಾದ ಸುಳಿವು ಅವರಿಗೆ ಬೇಕಿಲ್ಲ. ಆ ತಂಡದಲ್ಲಿ ನಿಮ್ಮೊಡನೆ ಕೆಲಸ ಮಾಡಿದ ಉಳಿದವರಿಗೂ ಇವತ್ತೇ ಫೋನ್ ಮಾಡಿ ತಿಳಿಸಿ, ರಕ್ತ ಕಾಣಿಸುವವರೆಗೆ ಅವರು ಕಾಯುವುದು ಬೇಡ.